ಕಬ್ಬಿನ ಪಂಪು, ಹತ್ತಿಯ ಹೊಲ

ಪಾಲಬಾವಿಯಲ್ಲಿ ನೀರಿದ್ದೂ ಕಬ್ಬು ಹಾಕದವರನ್ನು ಜನ ಎರಡೆರಡು ಸಲ ನೋಡುತ್ತಾರೆ, ತಲೆ ನೆಟ್ಟಗಿದೆಯೋ ಇಲ್ಲವೋ ಎಂದು. ಗಿರಿಜವ್ವನ ತಲೆ ನೆಟ್ಟಗೇ ಇತ್ತು. ಆದರೂ ಸುತ್ತ ಆಳೆತ್ತರದ ಕಬ್ಬಿನ ನಡುವೆ ಒಂದೆಕರೆ ಜವಾರಿ ಹತ್ತಿ ಹಾಕಿಕೊಂಡಿದ್ದಳು. ನಾನು ಅವಳ ಬದುವಿನ ಆಚೆಯವನು, ಕಬ್ಬಿನವನೇ. ಅವಳನ್ನು ಕಾಡಿಸದೆ ನನಗೆ ಹೊತ್ತು ಹೋಗುತ್ತಿರಲಿಲ್ಲ.

“ಏನ್ ಕಾಕೂ, ಈ ಸಲ ನನಗೊಂದ ಅಂಗಿಗಾಗುವಷ್ಟು ಹತ್ತಿ ಸಿಗತೈತೇನ?”

“ನಿನ್ನ ಹೊಟ್ಟಿ ಅಳತಿಗೆ ರಾಯಬಾಗ ತಾಲೂಕ ಪೂರಾ ಬಿತ್ತಬೇಕಲೇ.”

ಬೀಜ ಅವಳ ಅತ್ತೆಯ ಕಾಲದ್ದು. ಮೊದಲು ಬಿಡಿಸಿದ ಹತ್ತಿಯಿಂದ ಬತ್ತಿ ಹೊಸೆದು ಯಡೂರಿನ ವೀರಭದ್ರನಿಗೆ ಒಯ್ಯುವುದು ಆ ಮನೆಯ ವಾಡಿಕೆ. ಅಷ್ಟೇ ಆಗಿದ್ದರೆ ನಾಲ್ಕು ಸಾಲು ಸಾಕಿತ್ತು. ಆದರೆ ಅಥಣಿಯ ವ್ಯಾಪಾರಿ ವೃಷಭ, ಮೂರು ವರ್ಷ ಯಾವ ಔಷಧವೂ ಸೋಂಕದ ಹೊಲದ ಹತ್ತಿಗೆ ಒಳ್ಳೆಯ ದರ ಕೊಡುವುದಾಗಿ ಹೇಳಿದ್ದ. ಇದು ಮೂರನೆಯ ಬೆಳೆ. ಇದು ಪಾಸಾದರೆ ಊರಿನ ಇನ್ನೂ ನಾಲ್ಕು ಹೆಂಗಸರು ಅವಳಿಂದಲೇ ಬೀಜ ಒಯ್ದು ಬಿತ್ತುವವರಿದ್ದರು. ಅವರ ಗಂಡಂದಿರು ಒಪ್ಪಿದ್ದೂ ಅದೇ ಕರಾರಿನ ಮೇಲೆ: ಮೊದಲು ಗಿರಿಜವ್ವಂದು ಆಗಲಿ, ಆಮೇಲೆ ನೋಡೋಣ. ಒಬ್ಬಳ ಹತ್ತಿಗೆ ಅಥಣಿಯಿಂದ ಗಾಡಿ ಬರುವುದಿಲ್ಲ, ಐದು ಹೊಲವಾದರೆ ಬರುತ್ತದೆ. ಊರಿಗೆ ಹತ್ತಿ ತಿರುಗಿ ಬರುವುದು ಆ ಒಂದೆಕರೆಯ ಮೇಲೆ ನಿಂತಿತ್ತು.

ಅದಕ್ಕೇ ಅವಳ ಕಾವಲು ಅಷ್ಟು. ಬೇರೆಯವರ ಔಷಧ ಗಾಳಿಗೆ ಹಾರಿ ಬರದಂತೆ ಸುತ್ತ ಒತ್ತಾಗಿ ತೊಗರಿ ಹಾಕಿದ್ದಳು. ಮೈದುನನ ಮಗ ಭರತ ಕಬ್ಬಿಗೆ ಎಣ್ಣೆ, ಅಂದರೆ ಔಷಧ, ಹೊಡೆಯುವ ದಿನ ಬದುವಿನ ಮೇಲೆ ಸೆರಗು ಹಿಡಿದು ನಿಂತು ಗಾಳಿ ನೋಡುವಳು. “ಗಾಳಿ ನನ್ನ ಕಡೆ ಹೊಳ್ಳೇತಿ, ನಿಲ್ಸೋ ಭರತ್ಯಾ!” ಅವನು ಗೊಣಗುತ್ತಲೇ ನಿಲ್ಲಿಸುತ್ತಿದ್ದ.

ಶ್ರಾವಣದಲ್ಲಿ ಹತ್ತಿಗೆ ಎಲೆಯ ರಸ ಹೀರುವ ಹೇನು ಬಿತ್ತು. ಅದಕ್ಕೆ ಅವಳ ಮದ್ದು ಹುಳಿ ಮಜ್ಜಿಗೆ. ಮಜ್ಜಿಗೆ ಹುಳಿ ಬಂದು ಸಿದ್ಧವಾಗಿತ್ತು, ಅದನ್ನು ಸಿಂಪಡಿಸುವ ಅವಳ ಪಂಪು ಮಾತ್ರ ಕೆಟ್ಟು ಕೂತಿತ್ತು. ಭರತನ ಪಂಪು ತಂದಳು. ತೊಳೆದಿದ್ದೇನೆ ಎಂದು ಅವನು ಹೇಳಿದರೂ ನಂಬದೆ, ತುಪ್ಪದ ಗಡಿಗೆ ತೊಳೆಯುವ ಹಾಗೆ ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದಳು, ಮೂಸಿ ನೋಡಿದಳು. ಹುಣಸೆಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಆದರೆ ತೊಳೆದದ್ದು ಡಬ್ಬಿಯನ್ನು. ಪೈಪಿನ ಒಳಗೆ ಕೈ ಹೋಗುವುದಿಲ್ಲವಲ್ಲ.

ವಾರದೊಳಗೆ ಅಗಲ ಎಲೆಗಳು ಸೀಳಿ ಮುದುಡಿ ಕೋಳಿಕಾಲಿನಂತಾದವು. ಭರತ ಬಂದು ನೋಡಿ ಬದುವಿನ ಮೇಲೆ ಕುಸಿದು ಕೂತ.

“ಕಸಕ್ಕ ಹೊಡಿಯೂ ಎಣ್ಣಿ, ದೊಡ್ಡವ್ವ. ಕಬ್ಬಿಗೆ ಏನೂ ಮಾಡೂದಿಲ್ಲ, ಹತ್ತಿ ಕಂಡ್ರ ಬಿಡೂದಿಲ್ಲ.” ಅವನ ಕಣ್ಣಲ್ಲಿ ನೀರಿತ್ತು.

“ಅಳಬ್ಯಾಡೋ. ಪಂಪ ಬೇಡಿದಾಕಿ ನಾನ.”

ಪೈಪಿನ ವಿಷ ಪಡುವಣದ ಮೊದಲ ಸಾಲುಗಳಿಗೇ ತೀರಿರಬೇಕು. ಕೊನೆಗೆ ಹೊಡೆದ ಮೂಡಣ ಬದಿ ಹಸಿರಾಗಿ ಉಳಿದು, ದೀಪಾವಳಿಯ ಹೊತ್ತಿಗೆ ಕಾಯಿ ಒಡೆದು ಬೆಳ್ಳಗಾಯಿತು. ವೃಷಭ ನೋಡಲು ಬರುವ ಹಿಂದಿನ ದಿನ ನಾನೇ ಹೇಳಿದೆ, “ರೋಗ ಬಿದ್ದೈತಿ ಅನ್ನು ಕಾಕೂ, ಮುಗೀತು.” ಆ ನಾಲ್ವರು ಹೆಂಗಸರೂ ಅದನ್ನೇ ಹೇಳಿದರು.

ವೃಷಭ ಬಂದ. ಮೂಡಣ ಬದಿಯ ಹತ್ತಿ ಕಿತ್ತು ಎಳೆದು ನೋಡಿ ತಲೆದೂಗಿದ. ಆಮೇಲೆ ಪಡುವಣಕ್ಕೆ ಕೈ ಮಾಡಿ, “ಆ ಕಡೆ ಏನ್ ರೋಗ ಬಂದೈತ್ರಿ ಅವ್ವಾರ?” ಎಂದ.

ಬದುವಿನ ಮೇಲೆ ನಾವೆಲ್ಲ ನಿಂತಿದ್ದೆವು.

“ರೋಗ ಅಲ್ರಿ ಸಾವ್ಕಾರ್ರ. ಕಬ್ಬಿನ ಎಣ್ಣಿ ಬಿದ್ದೈತಿ, ನನ್ನ ಕೈಲೇನ. ಇಡೀ ಹೊಲಕ್ಕ ಅದ ಪಂಪಿಲೇನ ಹೊಡದೇನ್ರಿ.”

“ಹಂಗಾದ್ರ ಮತ್ತ ಮೊದಲಿಂದ ಮೂರು ವರ್ಷ ಆಕ್ಕೈತ್ರಿ,” ಎಂದವನು ಕೈಯಲ್ಲಿದ್ದ ಹತ್ತಿಯನ್ನು ಅವಳ ಕೈಗೇ ಕೊಟ್ಟು ಹೋದ.

ನನಗೆ ಮೈಯೆಲ್ಲ ಉರಿಯಿತು. ಸತ್ಯ ಹೇಳಿ ಉದ್ಧಾರವಾದವರನ್ನು ನಮ್ಮ ಕಡೆ ಯಾರು ಕಂಡಿದ್ದಾರೆ? “ಇಡೀ ಹೊಲದ ಮಾತ ಯಾರ ಕೇಳಿದ್ರು ನಿನ್ನ?” ಎಂದು ರೇಗಿದೆ.

“ಸುಳ್ಳ ಹೇಳಿ, ಆ ಬೀಜ ನಾಲ್ಕ ಮಂದಿ ಉಡಿಯಾಗ ಹಾಕ್ಲೇನ?” ಎಂದಳು.

ಹಾಕುವ ಪ್ರಮೇಯವೇ ಬರಲಿಲ್ಲ. ನಾಲ್ಕೂ ಹೊಲಗಳಲ್ಲಿ ಆ ತಿಂಗಳೇ ಕಬ್ಬು ನಾಟಿಯಾಯಿತು.

ಕಾರ್ತಿಕದಲ್ಲಿ ಅವಳನ್ನು ನನ್ನ ಬೈಕಿನ ಮೇಲೆ ಯಡೂರಿಗೆ ಕರೆದೊಯ್ದೆ. ಗುಡಿಯ ಮುಂದಿನ ಅಂಗಡಿಯಲ್ಲಿ ಅವಳು ಬತ್ತಿಯ ಪಾಕೀಟು ಕೊಂಡಳು.

“ಮನ್ಯಾಗ ಹತ್ತಿ ಇತ್ತಲ್ಲ ಕಾಕೂ?”

“ಮಂದಿಗೆ ಬ್ಯಾಡಾದದ್ದು ದೇವ್ರಿಗೆ ಹೆಂಗ ಹಚ್ಲೋ?”

ಪಾಕೀಟು ಹರಿದು, ಎಣ್ಣೆಯಲ್ಲಿ ನೆನೆಸಿ ಹಚ್ಚಿದಳು. ಬತ್ತಿ ಚೆನ್ನಾಗಿಯೇ ಉರಿಯಿತು. ಅವಳು ಅದರ ಕಡೆ ನೋಡಲಿಲ್ಲ.