ಸಿಡುಕು ಮೇಸ್ತ್ರಿ ಮತ್ತು ಬಾಗಿಲು ಕೂರದ ಕಾರು

ಕಾರುಗಳ ತಗಡು ರಿಪೇರಿ ಮಾಡುವ ಟಿಂಕರ್ ಮೇಸ್ತ್ರಿಗೆ ಕೋಪ ಮೂಗಿನ ತುದಿಯಲ್ಲೇ. ಗ್ಯಾರೇಜುಗಳ ಆ ಬೀದಿಯಲ್ಲಿ ಎಲ್ಲರೂ ಅವನನ್ನು ಸಿಡುಕು ಮೇಸ್ತ್ರಿ ಎಂದೇ ಕರೆಯುತ್ತಿದ್ದರು, ಬೆನ್ನ ಹಿಂದೆ ಮಾತ್ರ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ಗಿರಾಕಿಯ ಕಣ್ಣಿಗೆ ಮಣ್ಣೆರಚುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಅಂಥವರಲ್ಲಿ ಅವನ ಸ್ವಂತ ತಮ್ಮನೂ ಒಬ್ಬ. ಅದೇ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಅವನದು ಬಣ್ಣದ ಕೆಲಸ. ಏನು ಮಾಡುವುದು, ಒಡಹುಟ್ಟಿದವನು!

ಒಂದು ದಿನ ನಿವೃತ್ತ ಟೀಚರಮ್ಮ ಒಬ್ಬರು ಮೇಸ್ತ್ರಿಯ ಬಳಿಗೆ ತಂದದ್ದು ಇಂಗ್ಲೆಂಡಿನಲ್ಲಿ ತಯಾರಾದ, ಮೇಲೆ ಚಾವಣಿಯಿಲ್ಲದ, ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು. ಕಾರು ಅವರ ಗಂಡನದು. ಆ ಮಹಾನುಭಾವ ಮೂವತ್ತು ವರ್ಷ ಹೆಂಡತಿಗೆ ಅದರ ಸ್ಟೀರಿಂಗ್ ಮುಟ್ಟಲು ಬಿಟ್ಟಿರಲಿಲ್ಲ. "ನಿನ್ನ ಕೈಗೆ ಕೊಟ್ರೆ ಎರಡೇ ದಿನಕ್ಕೆ ಗುಜರಿ" ಎನ್ನುತ್ತಿದ್ದನಂತೆ. ಶಾಲೆಯ ವ್ಯಾನನ್ನೇ ಓಡಿಸುತ್ತಿದ್ದ ಹೆಂಗಸಿಗೆ ಹೇಳುವ ಮಾತೇ ಅದು? ಕೊನೆಗೆ ತಾನೇ ಟಾರ್ಪಾಲು ಹೊದಿಸಿ, ಹನ್ನೆರಡು ವರ್ಷ ಕೊಳೆಯಲು ಬಿಟ್ಟು, ತೀರಿಕೊಂಡ.

ಟೀಚರಮ್ಮನಿಗೆ ಈಗ ಅರವತ್ತೆಂಟು. ಬೆನ್ನುಮೂಳೆ ಸವೆದಿದೆ, ಇನ್ನೊಂದು ವರ್ಷ ಕಳೆದರೆ ಅಷ್ಟು ತಗ್ಗಿನ ಸೀಟಿಗೆ ಇಳಿಯಲಾಗದು ಎಂದು ಡಾಕ್ಟರು ಹೇಳಿದ್ದರು. "ಒಂದೇ ಒಂದು ಸಲ ನಾನು ಅದನ್ನ ಓಡಿಸ್ಬೇಕು ಮೇಸ್ತ್ರಿ" ಎಂದರು. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡೇ ಮೇಸ್ತ್ರಿ ಕೆಲಸಕ್ಕೆ ಕೈ ಹಾಕಿದ.

ಚಾವಣಿ ಇಲ್ಲದ ಕಾರಿಗೆ ಬಾಗಿಲ ಕೆಳಗಿನ ತಗಡಿನ ಪಟ್ಟಿಯೇ ಬೆನ್ನೆಲುಬು. ಈ ಕಾರಿನಲ್ಲಿ ಅದು ತುಕ್ಕು ತಿಂದು ತೂತಾಗಿತ್ತು. ಅದನ್ನು ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡಲಾಗಿ ಒಂದು ಕಂಬಿ ವೆಲ್ಡ್ ಮಾಡಲೇಬೇಕು, ಇಲ್ಲವಾದರೆ ಕಾರು ನಡುವಿನಲ್ಲಿ ಕುಸಿಯುತ್ತದೆ. ಇದನ್ನು ಮೇಸ್ತ್ರಿ ಬೀದಿಗೆಲ್ಲ ಬೈದು ಬೈದು ಕಲಿಸಿದ್ದ. ಆದರೆ ಆ ಮಧ್ಯಾಹ್ನ ಊಟ ಮುಗಿಸಿ ಬಂದು ನೋಡುತ್ತಾನೆ, ತಮ್ಮನು ಆ ಪಟ್ಟಿಯ ತೂತುಗಳಿಗೆಲ್ಲ ನುಣ್ಣಗೆ ಪುಟ್ಟಿ ಮೆತ್ತಿಟ್ಟಿದ್ದಾನೆ!

"ಥೂ ನಿನ್ನ! ಯಾರನ್ನ ಕೇಳಿ ಮುಟ್ಟಿದೆ?"

"ನಿನಗೆ ಕೆಲಸ ಕಮ್ಮಿ ಆಗ್ಲಿ ಅಂತ, ಅಣ್ಣ..."

ಮೇಸ್ತ್ರಿ ಪುಟ್ಟಿ ಡಬ್ಬಿಯನ್ನು ಬೀದಿಗೆ ಎಸೆದ. ಗ್ರೈಂಡರ್ ಎತ್ತಿಕೊಂಡವನು ಪುಟ್ಟಿ, ತುಕ್ಕು, ಪಟ್ಟಿ ಎಲ್ಲವನ್ನೂ ಒಂದೇ ಉಸಿರಿಗೆ ಕತ್ತರಿಸಿ ಹಾಕಿದ. ಕಂಬಿ ನೆನಪಾಗಲಿಲ್ಲ. ಹೊಸ ತಗಡು ಬಗ್ಗಿಸಿ, ಕೂರಿಸಿ, ವೆಲ್ಡ್ ಮಾಡಿದ ಎರಡು ವಾರದಲ್ಲೂ ನೆನಪಾಗಲಿಲ್ಲ. ಕಾರನ್ನು ಸ್ಟ್ಯಾಂಡಿನಿಂದ ಇಳಿಸಿ ಬಾಗಿಲು ತಳ್ಳಿದಾಗ ಮೇಲಿನ ಮೂಲೆ ಟಕ್ಕೆಂದು ತಗುಲಿ ನಿಂತಿತು. ಕಂಬಿ ಹಾಕದೆ ಕತ್ತರಿಸಿದ್ದು ಮೇಸ್ತ್ರಿಗೆ ಆಗ ನೆನಪಾಯಿತು; ಕಾರು ನಡುವಿನಲ್ಲಿ ಕುಸಿದಿತ್ತು.

"ಅಂಚು ಒಂಚೂರು ಉಜ್ಜೋಣ ಅಣ್ಣ, ಮೇಲೆ ಪುಟ್ಟಿ ಕೊಟ್ರೆ ದೇವರಿಗೂ ಗೊತ್ತಾಗಲ್ಲ" ಎಂದ ತಮ್ಮ, ಪಿಸುದನಿಯಲ್ಲಿ.

ಹೇಳಲು ನಾಚಿಕೆ, ಒಂದು ಗಳಿಗೆ ಮೇಸ್ತ್ರಿಗೂ ಹಾಗೇ ಮಾಡಿಬಿಡೋಣ ಅನ್ನಿಸಿತು. ಆದರೆ ಮರುದಿನ ಟೀಚರಮ್ಮನನ್ನು ಕರೆಸಿ, ಎಲ್ಲವನ್ನೂ ಬಾಯಿಬಿಟ್ಟು ಹೇಳಿದ.

"ನಮ್ಮ ಯಜಮಾನ್ರು ನನಗೆ ಕಾರು ಮುಟ್ಟೋಕೆ ಬಿಡದೆ ಹಾಳು ಮಾಡಿದ್ರು, ನೀವು ಸಿಟ್ಟು ಮಾಡ್ಕೊಂಡು ಹಾಳು ಮಾಡಿದ್ರಿ" ಎಂದು ಟೀಚರಮ್ಮ ಗುಡುಗಿದರು. "ಏನೂ ಮಾಡದೇ ಇರೋಳು ನಾನೊಬ್ಬಳೇ, ಕಾರಿಲ್ಲದೆ ಕೂತಿರೋಳೂ ನಾನೇ! ಯಾವ ನ್ಯಾಯ ರೀ ಇದು?"

ಮೇಸ್ತ್ರಿ ಜೀವಮಾನದಲ್ಲಿ ಮೊದಲ ಸಲ ತಲೆ ತಗ್ಗಿಸಿ ಬೈಸಿಕೊಂಡ. "ಮತ್ತೆ ಕತ್ತರಿಸ್ತೀನಿ ಮೇಡಂ. ಡಾಕ್ಟರು ಹೇಳಿದ ವರ್ಷ ಮುಗಿಯೋದ್ರೊಳಗೆ ಕೊಡ್ತೀನಿ" ಎಂದ.

ಹೊಸ ಪಟ್ಟಿಯನ್ನು ಕಿತ್ತು, ನಡುವಿಗೆ ಜಾಕಿ ಕೊಟ್ಟು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎತ್ತಿದ. ಬಾಗಿಲು ಸರಿಯಾಗಿ ಕೂತಿತು. ಈ ಸಲ ಕಂಬಿ ಹಾಕಿದ ಮೇಲೆಯೇ ಪಟ್ಟಿ ಕೂರಿಸಿದ. ಎಂಜಿನ್ನು, ಬ್ರೇಕು, ಟೈರು ಎಂದು ಹತ್ತು ತಿಂಗಳು ಹಿಡಿಯಿತು. ಟೀಚರಮ್ಮ ಅಷ್ಟರಲ್ಲಿ ಕೋಲು ಊರಿ ಬರತೊಡಗಿದ್ದರು. ಬಣ್ಣಕ್ಕೆ ಇನ್ನೊಂದು ತಿಂಗಳು ಬೇಕು ಎಂದು ತಮ್ಮನು ಬಾಯಿ ತೆರೆದದ್ದೇ ತಡ, ಅವರು "ಬಣ್ಣ ಬಳಿದು ಯಾರಿಗೆ ತೋರಿಸ್ಬೇಕು? ಕೀಲಿ ಕೊಡಿ" ಎಂದರು.

ಬಣ್ಣಕ್ಕೂ ಮುಂಚೆ ಬಳಿಯುವ ಬೂದು ಪ್ರೈಮರ್ ಮೆತ್ತಿಕೊಂಡೇ ಕಾರು ಹೊರಟಿತು. ಬೇಡವೆಂದರೂ ಕೇಳದೆ ಮೇಸ್ತ್ರಿ ಪಕ್ಕದಲ್ಲಿ ಕೂತ. "ಮೆಲ್ಲಗೆ ಮೇಡಂ... ಕ್ಲಚ್ಚು, ಕ್ಲಚ್ಚು... ಎಡಕ್ಕೆ, ಎಡಕ್ಕೆ... ಅಯ್ಯಯ್ಯೋ ಗುಂಡಿ!"

ಟೀಚರಮ್ಮ ಬ್ರೇಕು ಒತ್ತಿದರು. "ಇಳೀರಿ."

"ಯಾಕೆ ಮೇಡಂ? ನಾನೇನು ಅಂದೆ?"

"ಥೇಟ್ ನಮ್ಮ ಯಜಮಾನ್ರ ಹಾಗೇ ಮಾತಾಡ್ತಿದ್ದೀರಿ. ಇಳೀರಿ!"

ಮೇಸ್ತ್ರಿ ಇಳಿದು ಬಾಗಿಲು ಹಾಕಿದ. ಗೇರು ಬಿತ್ತು. ಟೀಚರಮ್ಮ ಒಬ್ಬರೇ ಕಾರು ಓಡಿಸಿಕೊಂಡು ತಿರುವು ದಾಟಿ ಹೋದರು.