ಊರು ಕೇರಿ ಹೇಳಿ ಮಾಡಿದ ಪ್ರಾರ್ಥನೆ

ಸಭೆಯ ಪ್ರಿಯ ಒಡಹುಟ್ಟಿದವರೇ,

ಕಳೆದ ವರ್ಷ ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಒಂದು ಶನಿವಾರ ಮಧ್ಯಾಹ್ನ ಕುಣಿಗಲ್ ಬಸ್ ನಿಲ್ದಾಣದಲ್ಲಿ ನನ್ನ ಅಕ್ಕನನ್ನು ಕಳೆದುಕೊಂಡೆ. ತೀರಿಕೊಂಡಳು ಎಂದಲ್ಲ. ಬೆಂಚಿನ ಮೇಲೆ ಕೂರಿಸಿದ್ದೆ, ತಿರುಗಿ ನೋಡಿದರೆ ಇರಲಿಲ್ಲ. ಅದು ಹೇಗಾಯಿತು ಎಂದು ಹೇಳಲು ಈಗಲೂ ನಾಚಿಕೆ. ಆದರೆ ಸಾಕ್ಷಿ ಹೇಳಲು ನಿಂತವನು ತನಗೆ ಅನುಕೂಲವಾದಷ್ಟೇ ಹೇಳಿ ಕೂರಬಾರದು.

ನಾನು ಸಾಮುವೇಲ. ಶಾಲೆಯ ಗುಮಾಸ್ತನಾಗಿ ನಿವೃತ್ತನಾದ ಮೇಲೆ ತುಮಕೂರಿನ ನಮ್ಮ ಸಭೆಯಲ್ಲಿ ಪುಸ್ತಕದ ಮೇಜು ನೋಡಿಕೊಳ್ಳುತ್ತಿದ್ದೇನೆ. ಭಾನುವಾರ ಆರಾಧನೆ ಮುಗಿದು ಜನ ಹೊರಗೆ ಬರುವಷ್ಟರಲ್ಲಿ ಪುಸ್ತಕ ಹರಡಿಕೊಂಡು ನಿಂತಿರುತ್ತೇನೆ. ಪ್ರಾರ್ಥನೆ ಕಲಿಸುವ ಪುಸ್ತಕಗಳೇ ಹೆಚ್ಚು. ಮುಂಜಾನೆಗೆ ಒಂದು, ಉಪವಾಸಕ್ಕೆ ಒಂದು, ರೋಗಿಗಳಿಗೆ, ಪರೀಕ್ಷೆ ಬರೆಯುವ ಮಕ್ಕಳಿಗೆ ಬೇರೆ ಬೇರೆ. ಯಾರಿಗೆ ಯಾವುದು ಬೇಕೆಂದು ಮುಖ ನೋಡಿಯೇ ಹೇಳಬಲ್ಲೆ ಎಂಬ ಜಂಬವೂ ಇತ್ತು. ನೀನು ಹೇಗೆ ಪ್ರಾರ್ಥಿಸುತ್ತೀಯಪ್ಪ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ನಾನು ಓದುತ್ತಿದ್ದೆ, ಅಷ್ಟೇ.

ಅಕ್ಕ ರೆಬೆಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಬೇಗ ಹೋದದ್ದರಿಂದ ನನಗೆ ಕೈ ಜೋಡಿಸುವುದನ್ನು ಕಲಿಸಿದವಳೂ ಅವಳೇ. ಈಗ ಅವಳಿಗೆ ಮರೆವಿನ ಕಾಯಿಲೆ. ಕೆಲವು ದಿನ ನನ್ನನ್ನೇ ನೋಡಿ "ನೀವು ಯಾರ ಪೈಕಿ?" ಎನ್ನುತ್ತಾಳೆ. ಅವಳ ಒಬ್ಬಳೇ ಮಗಳು ಗ್ರೇಸಿ ಗುಬ್ಬಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ದಿನವಿಡೀ ಅಂಗಡಿಯಲ್ಲೇ ಇರಬೇಕಾದ್ದರಿಂದ ತಾಯಿಯನ್ನು ನನ್ನ ಮನೆಯಲ್ಲಿ ಬಿಟ್ಟಿದ್ದಳು. ಅಮ್ಮನನ್ನು ಮಾತ್ರ ಎಲ್ಲಿಗೂ ಕರೆದುಕೊಂಡು ಹೋಗಬೇಡಿ ಮಾವ ಎಂದು ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದಳು.

ಇಷ್ಟು ಮರೆತರೂ ಅಕ್ಕ ಪ್ರಾರ್ಥನೆ ಮರೆತಿರಲಿಲ್ಲ. ಅವಳ ಪ್ರಾರ್ಥನೆಯ ಕ್ರಮವೇ ಬೇರೆ. ಒಬ್ಬೊಬ್ಬರನ್ನೂ ಹೆಸರು ಹಿಡಿದು, ಊರು, ಕೇರಿ, ಕಸುಬು ಹೇಳಿ ದೇವರ ಮುಂದೆ ನಿಲ್ಲಿಸುತ್ತಾಳೆ. ಪಕ್ಕದ ಮನೆಯವರ ಸೀಮೆಹಸುವೂ ಅದರಲ್ಲಿ ಬಂದುಹೋಗುತ್ತದೆ. ಒಂದು ಮನೆಕೂಟದಲ್ಲಿ ಹೀಗೇ ಶುರುಮಾಡಿದಾಗ ಹಿರಿಯರೊಬ್ಬರು ಗಡಿಯಾರ ನೋಡಿಕೊಂಡರು. ನನಗೆ ಮುಜುಗರವಾಯಿತು. ಪುಸ್ತಕದ ಮೇಜಿನವನ ಅಕ್ಕ ಹೀಗೆ ಪ್ರಾರ್ಥಿಸುವುದೇ? ದಾರಿಯಲ್ಲಿ ಗದರಿಸಿದೆ. "ಅಕ್ಕ, ದೇವರಿಗೆ ಅಡ್ರೆಸ್ ಬೇಕಾಗಿಲ್ಲ. ಅವನಿಗೆ ಎಲ್ಲಾ ಗೊತ್ತು."

ಅವಳು ನಡೆಯುವುದನ್ನು ನಿಲ್ಲಿಸಿದಳು. "ಅವನಿಗಲ್ಲ ಕಣೋ, ನನಗೆ. ಹೇಳ್ದೆ ಹೋದ್ರೆ ನಾನು ನಿಮ್ಮನ್ನೆಲ್ಲಾ ಮರ್ತುಬುಡ್ತೀನಿ."

ಆ ಮಾತು ಆಗ ನನ್ನ ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ. ಒಂದೊಂದು ಪುಟದ ಚಿಕ್ಕ ಚೊಕ್ಕ ಪ್ರಾರ್ಥನೆಗಳಿರುವ ಪುಸ್ತಕವೊಂದನ್ನು ತಂದು ಅವಳ ಕೈಗಿಟ್ಟೆ. ಇನ್ನು ಮೇಲೆ ಇದನ್ನು ನೋಡಿಕೊಂಡು ಮಾಡು ಎಂದೆ. ಪಾಪ, ಅವಳು ಅದನ್ನು ಎಲ್ಲಿಗೆ ಹೋದರೂ ಎದೆಗೆ ಅವುಚಿಕೊಂಡೇ ಇರುತ್ತಿದ್ದಳು.

ಆ ಶನಿವಾರ ಕುಣಿಗಲ್‌ನಲ್ಲಿ ಸ್ತ್ರೀಯರ ಪ್ರಾರ್ಥನಾ ಕೂಟವಿತ್ತು. ಅಕ್ಕನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಅಲ್ಲಿನ ಪುಸ್ತಕ ಮಾರಾಟ ತಪ್ಪಿಸಿಕೊಳ್ಳಲು ನನಗೂ ಮನಸ್ಸಿರಲಿಲ್ಲ. ಗ್ರೇಸಿಗೆ ಹೇಳದೆ ಅಕ್ಕನನ್ನೂ ಪುಸ್ತಕದ ಟ್ರಂಕನ್ನೂ ಬಸ್ ಹತ್ತಿಸಿದೆ. ಕೂಟ ಚೆನ್ನಾಗಿ ನಡೆಯಿತು. ಹಿಂತಿರುಗಲು ನಿಲ್ದಾಣಕ್ಕೆ ಬಂದಾಗ, ಕೂಟದಲ್ಲಿ ಕಂಡಿದ್ದ ಒಬ್ಬ ಹೆಣ್ಣುಮಗಳು ಬಂದು, ಪ್ರಾರ್ಥಿಸುವಾಗ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ, ಅದಕ್ಕೆ ಪುಸ್ತಕವಿದೆಯೇ ಎಂದು ಕೇಳಿದಳು. ಇಲ್ಲದೆ ಏನು? ಪ್ರಾರ್ಥನೆಯಲ್ಲಿ ಎಚ್ಚರವಾಗಿರುವುದು ಹೇಗೆ ಎಂದು ಕಲಿಸುವ ಪುಸ್ತಕವನ್ನು ತೆಗೆದು, ಒಂದೊಂದು ಅಧ್ಯಾಯವನ್ನೂ ಬಿಡಿಸಿ ಹೇಳುತ್ತಾ ನಿಂತೆ. ಅವಳು ಪುಸ್ತಕ ಕೊಂಡು ಹೋದಳು. ತಿರುಗಿ ನೋಡಿದೆ. ಬೆಂಚು ಖಾಲಿ.

ಎಚ್ಚರದ ಪುಸ್ತಕ ಮಾರುತ್ತಾ ಮೈಮರೆತಿದ್ದೆ. ನಗುವವರು ನಗಬಹುದು.

ಮೊದಲು ಶೌಚಾಲಯದ ಕಡೆ ಓಡಿದೆ, ಆಮೇಲೆ ಹೋಟೆಲಿಗೆ, ಆಮೇಲೆ ನಿಂತಿದ್ದ ಪ್ರತಿ ಬಸ್ಸಿಗೂ. ಅವಳ ಹತ್ತಿರ ಫೋನಿಲ್ಲ. ಆಧಾರ್ ಕಾರ್ಡೂ ನನ್ನ ಚೀಲದಲ್ಲೇ ಇತ್ತು. ಪೊಲೀಸಿನವರು ಫೋಟೋ ಇದೆಯೇ ಎಂದು ಕೇಳಿದರು. ಫೋನ್ ತೆಗೆದು ಹುಡುಕಿದೆ. ಬರೀ ಪುಸ್ತಕಗಳ ಮುಖಪುಟ. ಅಕ್ಕನದು ಒಂದೂ ಇರಲಿಲ್ಲ. ಆ ಪೊಲೀಸಿನವರ ಮುಖ ನೋಡಲು ನನಗೆ ಆಗಲಿಲ್ಲ.

ನೀಲಿ ಸೀರೆಯ ಅಜ್ಜಿಯೊಬ್ಬರು ಯಡಿಯೂರಿನ ಬಸ್ ಹತ್ತಿದ ಹಾಗಿತ್ತು ಎಂದು ಹೂವು ಮಾರುವಾಕೆ ಹೇಳಿದಳು. ಟ್ರಂಕು ಹೊತ್ತುಕೊಂಡೇ ಯಡಿಯೂರಿಗೆ ಹೋದೆ. ದೇವಸ್ಥಾನದವರು ಊಟದ ಮನೆಯಲ್ಲೆಲ್ಲ ಹುಡುಕಿಸಿದರು, ಮೈಕಿನಲ್ಲಿ ಎರಡು ಸಲ ಕೂಗಿಸಿದರು. ನೀಲಿ ಸೀರೆಯ ಅಜ್ಜಿ ಸಿಕ್ಕರು, ಅವರು ಬೇರೆ ಯಾರೋ. ಹೊತ್ತು ಇಳಿಯುತ್ತಿತ್ತು. ಹೆದ್ದಾರಿಯಲ್ಲಿ ಲಾರಿಗಳು ಭರ್ರನೆ ಹೋಗುತ್ತಿದ್ದವು. ಒಂದೊಂದು ಲಾರಿ ಹೋದಾಗಲೂ ಅದರ ಹಿಂದಿನ ರಸ್ತೆಯನ್ನು ತಿರುಗಿ ನೋಡುತ್ತಿದ್ದೆ. ಗ್ರೇಸಿಗೆ ಹೇಳಬೇಕಿತ್ತು. ನಾಲ್ಕು ಸಲ ಅವಳ ನಂಬರು ತೆಗೆದು ನಾಲ್ಕು ಸಲವೂ ಫೋನ್ ಜೇಬಿಗೆ ಹಾಕಿಕೊಂಡೆ.

ರಸ್ತೆ ಬದಿಯಲ್ಲಿ ಟ್ರಂಕು ಇಳಿಸಿ ತೆರೆದೆ. ಪ್ರಯಾಣಕ್ಕೆ ಹೊರಡುವಾಗ ಹೇಳುವ ಪ್ರಾರ್ಥನೆ ಸಿಕ್ಕಿತು, ಸಂಕಟದಲ್ಲಿ ಹೇಳುವುದು ಸಿಕ್ಕಿತು. ಕಣ್ಣು ಸಾಲುಗಳ ಮೇಲೆ ಓಡಿತು, ಬಾಯಿ ಏಳಲಿಲ್ಲ. ಆ ಪುಸ್ತಕಗಳದ್ದು ತಪ್ಪೇನಿಲ್ಲ, ಅವುಗಳಿಂದ ಎಷ್ಟೋ ಜನ ಕಲಿತಿದ್ದಾರೆ. ಕಲಿಯದವನು ನಾನು. ಟ್ರಂಕು ಮುಚ್ಚಿ ಅದರ ಮೇಲೆಯೇ ಕೂತೆ. ಆಗ ನನಗೆ ಬಂದದ್ದು ಅಕ್ಕನ ವರಸೆ.

"ಸ್ವಾಮಿ, ನಾನು ಸಾಮುವೇಲ. ಯಡಿಯೂರಲ್ಲಿ ಇದೀನಿ, ಹೈವೇ ಪಕ್ಕ, ಎಳನೀರಿನ ಅಂಗಡಿ ಹತ್ರ. ನಮ್ಮಕ್ಕ ರೆಬೆಕ್ಕ, ನೀಲಿ ಸೀರೆ, ಎಡಗಾಲು ಸ್ವಲ್ಪ ಎಳೀತಾಳೆ. ಎಲ್ಲಿದಾಳೋ ನಂಗೊತ್ತಿಲ್ಲ. ನಿಂಗೊತ್ತು."

ಹೇಳುತ್ತಿದ್ದಂತೆ ಅಳು ಬಂತು. ಎಳನೀರಿನವನು ನೋಡಿಯೂ ನೋಡದವನಂತೆ ಕಾಯಿ ಕೊಚ್ಚುತ್ತಿದ್ದ. ಕಣ್ಣು ಬಿಟ್ಟೆ. ಏನೂ ಆಗಿರಲಿಲ್ಲ. ಫೋನೂ ಬರಲಿಲ್ಲ, ಮನಸ್ಸಿಗೆ ಸಮಾಧಾನವೂ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಕುಣಿಗಲ್‌ಗೆ ವಾಪಸು ಹೋಗುವ ಬಸ್ ಹತ್ತಿದೆ.

ಕುಣಿಗಲ್ ಇನ್ನೇನು ಬಂತು ಎನ್ನುವಾಗ ಫೋನ್ ಬಂತು. ಗ್ರೇಸಿಯ ಹೆಸರು. ಮಧ್ಯಾಹ್ನದಿಂದ ಯಾವ ಕರೆಗೆ ಹೆದರಿದ್ದೆನೋ ಅದೇ ಕರೆ. ಎತ್ತಿದೆ.

"ಮಾವ, ಅಮ್ಮ ಹೆಬ್ಬೂರಲ್ಲಿದಾರೆ. ಬೈಯೋದು ಆಮೇಲೆ. ನೀವು ಮೊದ್ಲು ಅಲ್ಲಿಗೆ ಹೋಗಿ."

ಹೆಬ್ಬೂರಿನ ಬಸ್ ನಿಲ್ದಾಣದ ಬಳಿ ರಹಮತ್ ಸಾಬರು ಎಂಬವರ ಟೀ ಅಂಗಡಿ. ಅಕ್ಕ ಒಳಗಡೆ ಫ್ಯಾನಿನ ಕೆಳಗೆ, ಪುಸ್ತಕವನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ತುಮಕೂರಿನ ಬಸ್ ಹತ್ತಿ, ಹೆಂಗಸರ ಗುಂಪಿನ ಜೊತೆ ಇಲ್ಲೇ ಇಳಿದುಬಿಟ್ಟಿದ್ದಳಂತೆ. ಸಾಬರು ಅವಳನ್ನು ಬಿಸಿಲಿನಿಂದ ಒಳಗೆ ಕರೆದು ಕೂರಿಸಿದ್ದರು. ಪುಸ್ತಕದಲ್ಲಾದರೂ ವಿಳಾಸ ಇದ್ದೀತೆಂದು ಕೊನೆಯ ಪುಟದವರೆಗೂ ತಿರುವಿದರಂತೆ. ಅದರಲ್ಲಿ ಯಾರ ಹೆಸರೂ ಇರಲಿಲ್ಲ.

"ಹೆಸ್ರು ಕೇಳಿದ್ರೆ ಗೊತ್ತಿಲ್ಲ ಅಂತಾರೆ, ಊರು ಕೇಳಿದ್ರೂ ಗೊತ್ತಿಲ್ಲ ಅಂತಾರೆ," ಎಂದರು ಸಾಬರು. "ಟೀ ಬನ್ನು ಮುಂದೆ ಇಟ್ಟೆ ಸಾರ್. ಮುಟ್ಲಿಲ್ಲ. ಕಣ್ಮುಚ್ಕೊಂಡು ದುವಾ ಶುರು ಮಾಡಿದ್ರು ನೋಡಿ, ಒಂದೊಂದೇ ಹೆಸ್ರು, ಒಂದೊಂದೇ ಊರು. ಗುಬ್ಬಿ ಬಸ್ ಸ್ಟ್ಯಾಂಡ್ ಹಿಂದೆ ಬಟ್ಟೆ ಹೊಲಿಯೋ ಮಗಳು ಗ್ರೇಸಿ ಅಂದ್ರು. ನಮ್ ಭಾವಮೈದ ಗುಬ್ಬೀಲೇ ಬಟ್ಟೆ ಅಂಗ್ಡಿ ಇಟ್ಟವ್ನೆ. ಫೋನ್ ಹಾಕ್ದೆ."

ನಾನು ಅವರ ಕೈ ಹಿಡಿದುಕೊಂಡೆ. ಯಾವ ಪ್ರಾರ್ಥನೆ ಉದ್ದವಾಯಿತೆಂದು ನಾನು ಗದರಿಸಿದ್ದೆನೋ, ಅದೇ ಅವಳನ್ನು ಕಾಪಾಡಿತ್ತು. ನಾನು ಯಡಿಯೂರಿನಲ್ಲಿ ಬಾಯಿ ತೆರೆಯುವ ಮುಂಚೆಯೇ ಕರ್ತನು ಹೆಬ್ಬೂರಿನಲ್ಲಿ ಕೆಲಸ ಶುರುಮಾಡಿದ್ದನು.

ಅಕ್ಕನ ಎದುರು ಕೂತೆ. ಅವಳಿಗೆ ನನ್ನ ಗುರುತು ಸಿಗಲಿಲ್ಲ. ಸಾಬರು ನನಗೂ ಒಂದು ಟೀ ತಂದಿಟ್ಟರು. ಲೋಟ ಎತ್ತಲು ಹೋದೆ, ಅಕ್ಕ ನನ್ನ ಕೈ ಹಿಡಿದು ತಡೆದಳು. ಯಾರೋ ಪರವೂರಿನವರು, ಪ್ರಾರ್ಥನೆ ಮಾಡದೆ ಕುಡಿಯುತ್ತಿದ್ದಾರೆ ಎಂದುಕೊಂಡಿರಬೇಕು. ತಾನೇ ಕಣ್ಣು ಮುಚ್ಚಿದಳು.

"ಕರ್ತನೇ, ತುಮಕೂರಲ್ಲಿರೋ ನನ್ ತಮ್ಮ ಸಾಮುವೇಲ. ಪುಸ್ತಕ ಹೊತ್ಕೊಂಡು ಊರೂರು ತಿರುಗ್ತಾನೆ. ಅವ್ನು ಎಲ್ಲೂ ದಾರಿ ತಪ್ದಂಗೆ ಮನೆ ಸೇರ್ಸಪ್ಪ."

ಆಮೆನ್ ಎಂದೆ. ಅಷ್ಟು ವರ್ಷಗಳಲ್ಲಿ ಮನಸಾರೆ ಹೇಳಿದ ಮೊದಲನೆಯ ಆಮೆನ್ ಅದು.

ಪ್ರಿಯರೇ, ಪುಸ್ತಕದ ಮೇಜು ಈಗಲೂ ಇದೆ, ಬಂದು ಕೊಳ್ಳಿ. ಆದರೆ ಕೊಂಡವರಿಗೆಲ್ಲ ಕೊನೆಯ ಖಾಲಿ ಹಾಳೆಯನ್ನು ತೋರಿಸುತ್ತೇನೆ. ನಿಮ್ಮವರ ಹೆಸರುಗಳನ್ನು ಅಲ್ಲಿ ಬರೆದುಕೊಳ್ಳಿ, ಊರು ಕೇರಿ ಸಮೇತ, ಎನ್ನುತ್ತೇನೆ. ನನ್ನ ಪುಸ್ತಕದ ಆ ಹಾಳೆಯಲ್ಲಿ ಮೊದಲು ಅಕ್ಕನ ಹೆಸರಿದೆ, ಅದರ ಕೆಳಗೆ ಹೆಬ್ಬೂರಿನ ರಹಮತ್ ಸಾಬರದು. ಅಕ್ಕನಿಗೆ ಈಗ ನನ್ನ ಮುಖ ಪೂರ್ತಿ ಮರೆತುಹೋಗಿದೆ. ಹೆಸರು ಮಾತ್ರ ದಿನಕ್ಕೆ ಮೂರು ಹೊತ್ತೂ ಅವಳ ಬಾಯಲ್ಲಿ ಬರುತ್ತದೆ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತೇನೆ. ಕರ್ತನಿಗೆ ಸ್ತೋತ್ರ.