ಮೀಸಲು ಕಟ್ಟಿದ ಹೂತೆನೆ

ನಮ್ಮ ಮನೆಯಲ್ಲಿ ಹೂವು ಗಿಡದ ಮೇಲೆ ಇರುವುದು ಬೆಳಗಿನ ಆರು ಗಂಟೆಯವರೆಗೆ ಮಾತ್ರ. ಆಮೇಲೆ ಅದು ದೇವರ ಜಗಲಿಯ ಮೇಲೆ ಇರುತ್ತದೆ. ಆಯಿ, ಅಂದರೆ ನಮ್ಮ ಅಪ್ಪನ ತಾಯಿ, ಎದ್ದು ಮುಖ ತೊಳೆದು ಬುಟ್ಟಿ ಹಿಡಿದು ಅಂಗಳಕ್ಕೆ ಇಳಿಯುತ್ತಾಳೆ. ದಾಸವಾಳ, ಕಣಗಿಲೆ, ಮಲ್ಲಿಗೆ, ಅರಳಿದ್ದೆಲ್ಲ ಬುಟ್ಟಿಗೆ. ನಮ್ಮದು ಸಾಲದಿದ್ದರೆ ಪಕ್ಕದ ಮನೆಯ ಕಂಪೌಂಡಿಗೆ. ಪಕ್ಕದ ಮನೆಯ ಕಾಕು ಕೂಡ ಹೀಗೆಯೇ ನಮ್ಮ ಅಂಗಳಕ್ಕೆ ಬರುತ್ತಾಳೆ. ಯಾರೂ ಯಾರನ್ನೂ ಕೇಳುವುದಿಲ್ಲ. ದೇವರ ಹೆಸರಿನಲ್ಲಿ ಹರಿದ ಹೂವನ್ನು ಏಕಸಂಬಿಯ ನಮ್ಮ ಓಣಿಯಲ್ಲಿ ಯಾರೂ ಕಳವು ಅನ್ನುವುದಿಲ್ಲ.

ಇಂಥ ಮನೆಗೆ ನಾನು, ಗಿಡದ ಮೇಲೆಯೇ ಎರಡು ತಿಂಗಳು ಬಿಟ್ಟರೆ ಮಾತ್ರ ಬಣ್ಣ ಬದಲಿಸುವ ಹೂವಿನ ಗಿಡ ತಂದೆ.

ತಂದದ್ದು ನಿಪ್ಪಾಣಿ ಹತ್ತಿರ ಹೆದ್ದಾರಿ ಬದಿಯ ಒಂದು ನರ್ಸರಿಯಿಂದ. ಹೆಸರು ಹೈಡ್ರಾಂಜಿಯಾ. ಅದರಲ್ಲೂ ಇದು ಉಂಡೆ ಹೂವಿನದಲ್ಲ, ತೆನೆ ಹೂವಿನದು. ಕೊಂಬೆಯ ತುದಿಗೆ ಜೋಳದ ತೆನೆಯಂತೆ ಉದ್ದನೆಯ ಗೊಂಚಲು ಬರುತ್ತದೆ. ಮೊದಲು ಎಳೆ ಹಸಿರು, ಆಮೇಲೆ ಅಚ್ಚ ಬಿಳಿ, ರಾತ್ರಿ ತಂಪಾಗುತ್ತ ಹೋದಂತೆ ಬುಡದಿಂದ ಗುಲಾಬಿ, ಕೊನೆಗೆ ಕೆಂಪು. ಇದೆಲ್ಲ ಒಂದೇ ಹೂವಿನಲ್ಲಿ. ನಾನು ಇದನ್ನು ಫೋನಿನಲ್ಲಿ ಎಷ್ಟು ಸಲ ನೋಡಿದ್ದೆನೆಂದರೆ, ಕಣ್ಣೆದುರು ಒಂದು ಸಲ ನೋಡದೆ ಸಮಾಧಾನವಿರಲಿಲ್ಲ. ಇದು ಚಳಿ ಪ್ರದೇಶದ ಗಿಡ, ಇಲ್ಲಿ ಬಂದರೂ ಬರಬಹುದು ಎಂದು ನರ್ಸರಿಯವನು ಮೊದಲೇ ಹೇಳಿದ್ದ. ನಾನು 'ಬರಬಹುದು' ಎಂಬುದನ್ನಷ್ಟೇ ಕೇಳಿಸಿಕೊಂಡು ಬಂದೆ.

ಊರಿನ ಹಾಲಿನ ಡೇರಿಯಲ್ಲಿ ಹಾಲು ಅಳೆದು ಫ್ಯಾಟ್ ಬರೆದುಕೊಳ್ಳುವ ಕೆಲಸ ನನ್ನದು. ಬರೆಯುವ ಚಟ ಮನೆಗೂ ಬಂದಿದೆ. ಗಿಡ ನೆಟ್ಟ ತಾರೀಖು, ಮೊದಲ ಚಿಗುರಿನ ತಾರೀಖು, ಒಣಗಿದ ಎಲೆಗಳ ಲೆಕ್ಕ, ಎಲ್ಲ ನನ್ನ ಡೈರಿ ಪುಸ್ತಕದಲ್ಲಿದೆ. ಮೊದಲ ಬೇಸಿಗೆಯ ಪುಟಗಳಲ್ಲಿ ಬರೀ ಒಣಗಿದ ಎಲೆಗಳೇ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದುಕೊಂಡು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದನ್ನು ಅಗೆದು ತೆಗೆದು ಕೆಂಪುಮಣ್ಣು, ಉಸುಕು, ತಿಪ್ಪೆಗೊಬ್ಬರ ಕಲಸಿ ಹಾಕಿದೆ. ಬುಡಕ್ಕೆ ತೇವ ಆರದಂತೆ ಕಬ್ಬಿನ ರವದಿ, ಅಂದರೆ ಒಣಗಿದ ಸೋಗೆ, ಹಾಸಿದೆ. ಮುಂಜಾನೆಯ ಬಿಸಿಲು ಬಿದ್ದು ಮಧ್ಯಾಹ್ನದ ಬಿಸಿಲು ತಪ್ಪುವ ಜಾಗ ನಮ್ಮ ಮನೆಯಲ್ಲಿ ಒಂದೇ: ಮುಂಬಾಗಿಲಿನ ಪಕ್ಕದ ಮೂಲೆ.

ಆ ಮೂಲೆಯ ಮೇಲೆ ಅವ್ವನ ಕಣ್ಣಿತ್ತು. ಅಲ್ಲಿ ನೀರಿನ ಟಾಕಿ ಕೂರಿಸಬೇಕೆಂದು ಅವಳು ಎರಡು ವರ್ಷದಿಂದ ಹೇಳುತ್ತಿದ್ದಳು.

ಮಾಗಿಯ ಚಳಿ ಕಡಿಮೆಯಾಗುವಾಗ ಗಿಡದ ಕೊಂಬೆಗಳನ್ನು ಕತ್ತರಿಸಬೇಕು. ಈ ಜಾತಿಯಲ್ಲಿ ಹೂವು ಬರುವುದು ಆ ವರ್ಷದ ಹೊಸ ಚಿಗುರಿಗೆ. ನಾನು ಕತ್ತರಿ ಹಿಡಿದು ಕೂತಾಗ ಆಯಿ ಹೊರಗೆ ಬಂದಳು.

"ಅಯ್ಯ ಶಿವನೇ! ಜೀವ ಇದ್ದ ಗಿಡಾ ಕಡ್ಯಾಕತ್ತಿ?"

"ಕಡದ್ರನ ಹೂವು ಬರ್ತಾವ ಆಯಿ."

"ಹಂಗಾದ್ರ ನಿನ್ನ ಜಡೀನೂ ಕಡೀಲೇನು? ಉದ್ದ ಬರ್ತೈತಿ."

ಅವ್ವ ಒಳಗಿನಿಂದಲೇ ತನ್ನ ಮಾತು ಸೇರಿಸಿದಳು. "ಕೇಳ್ಬೇ ಇಲ್ಲಿ. ದೀಪಾವಳಿ ತನಕ ನೋಡ್ತೀನಿ. ನೀ ಹೇಳಿದಂಗ ಹೂವು ಬಣ್ಣ ಬದಲಾತಂದ್ರ ಗಿಡಾ ಇರ್ಲಿ. ಇಲ್ಲಂದ್ರ ಹಬ್ಬ ಆದ ಮರುದಿನ ಗೌಂಡಿ ಬರ್ತಾನ, ಟಾಕಿ ಕೂಡ್ತೈತಿ. ಆಮ್ಯಾಲ ಅಳಬ್ಯಾಡ."

ಅಪ್ಪ ನನ್ನ ಪರವಾಗಿದ್ದ. ಅದೂ ಒಂದು ತೊಂದರೆಯೇ. ಅವನು ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, ಹೈಡ್ರಾಂಜಿಯಾದ ಬಣ್ಣ ಬದಲಿಸಲು ಬುಡಕ್ಕೆ ತುರಟಿ, ಅಂದರೆ ಪಟಿಕ, ಹಾಕಬೇಕೆಂದು ತಿಳಿದುಕೊಂಡ. ದಾಡಿ ಮಾಡಿಕೊಂಡ ಮೇಲೆ ಗಲ್ಲಕ್ಕೆ ಉಜ್ಜುವ ತುರಟಿಯನ್ನು ಕುಟ್ಟಿ, ಒಂದು ತಂಬಿಗೆ ನೀರಿನಲ್ಲಿ ಕರಗಿಸಿ, ನಾನು ಡೇರಿಗೆ ಹೋದಾಗ ಸುರಿದ. ಎರಡು ದಿನಕ್ಕೊಮ್ಮೆ ಸುರಿಯುತ್ತಲೇ ಇದ್ದನಂತೆ. ಎಲೆಗಳ ಅಂಚು ಸುಟ್ಟಂತಾದ ಮೇಲೆ ನನಗೆ ಗೊತ್ತಾಯಿತು.

"ಅಪ್ಪಾ, ಅದು ಉಂಡಿ ಹೂವಿನ ಗಿಡಕ್ಕ. ಇದು ಬ್ಯಾರೆ ಜಾತಿ. ಇದರ ಬಣ್ಣ ಮಣ್ಣಿಂದ ಬದಲಾಗಾಂಗಿಲ್ಲ, ತಂಪಿಗೆ ಬದಲಾಗ್ತೈತಿ."

"ಮತ್ತ ಮೊದಲ ಹೇಳೂದಲ್ಲ? ತಂಪ ಬೇಕಂದ್ರ ಡೇರ್ಯಾಗಿಂದ ಐಸ್ ತಗೊಂಡ ಬಾ, ಸುತ್ತ ಇಡೂಣು."

ಚೇಷ್ಟೆಗೆ ಹೇಳುತ್ತಿದ್ದಾನೋ ನಿಜವಾಗಿ ಹೇಳುತ್ತಿದ್ದಾನೋ ಎಂದು ಅವನ ಮುಖ ನೋಡಿದೆ. ಗೊತ್ತಾಗಲಿಲ್ಲ. ಉಳಿದ ತುರಟಿಯನ್ನು ಬಚ್ಚಿಟ್ಟೆ.

ಇಷ್ಟೆಲ್ಲ ಆದರೂ ಗಿಡ ಮಳೆಗೆ ಎದ್ದು ನಿಂತಿತು. ಶ್ರಾವಣ ಹಿಡಿಯುವ ಹೊತ್ತಿಗೆ ಹನ್ನೊಂದು ತೆನೆಗಳು. ಭಾರಕ್ಕೆ ಬಾಗುತ್ತಿದ್ದವಕ್ಕೆ ತೊಗರಿ ಕಟ್ಟಿಗೆಯ ಆಸರೆ ಕೊಟ್ಟೆ. ಹಸಿರು ಹೋಗಿ ಬೆಳ್ಳಗಾಗತೊಡಗಿದವು. ಡೈರಿಯಲ್ಲಿ ಹನ್ನೊಂದು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಆದರೆ ನಾನು ಒಂದು ವಿಷಯ ಮರೆತಿದ್ದೆ. ಶ್ರಾವಣದಲ್ಲಿ ಇಡೀ ಓಣಿಗೆ ಬಿಳಿ ಹೂವು ಬೇಕು.

ಮೊದಲ ಸೋಮವಾರ ಡೇರಿಯಿಂದ ಎಂಟು ಗಂಟೆಗೆ ಬಂದು ನೋಡಿದರೆ ಮೂರು ತೆನೆ ಇಲ್ಲ.

"ಆಯಿ, ತೆನಿ ಎಲ್ಲಿ?"

"ಜಗಲಿ ಮ್ಯಾಲ ಅದಾವ ನೋಡು. ಎಷ್ಟ ಚಂದ ಕಾಣಾಕತ್ತಾವು."

"ಹರೀಬ್ಯಾಡ, ಬಣ್ಣ ಬರೂತನಾ ಬಿಡು ಅಂತ ನಿನ್ನೆ ಹೇಳಿದ್ನೆಲ್ಲ?"

"ಬೆಳ್ಳಗಿದ್ದದ್ದು ಬಣ್ಣ ಅಲ್ಲೇನು?"

"ಅದು ಮುಂದ ಕೆಂಪಗಾಗ್ತೈತಿ!"

"ಬಾಡೂಮುಂದ ಎಲ್ಲಾ ಹೂವೂ ಕೆಂಪಗಾಗ್ತಾವು. ದೇವ್ರಿಗೆ ಏರಸೂದ ಬಿಟ್ಟು ಗಿಡದ ಮ್ಯಾಲ ಕೊಳಸೂದು. ಇದೆಂಥಾ ಶಾಣ್ಯಾತನಬೇ ನಿಂದು?"

ಅವಳ ಲೆಕ್ಕದಲ್ಲಿ ಅರಳಿದ ಹೂವನ್ನು ಗಿಡದ ಮೇಲೆ ಬಿಡುವುದೆಂದರೆ ಉಣ್ಣುವವರಿದ್ದರೂ ಅನ್ನ ಹಳಸಿದಂತೆ. ನಾನು ರಟ್ಟಿನ ಮೇಲೆ 'ಹೂವು ಹರಿಯಬೇಡಿ' ಎಂದು ದೊಡ್ಡದಾಗಿ ಬರೆದು ಗಿಡಕ್ಕೆ ತೂಗುಹಾಕಿದೆ. ಮರುದಿನ ಇನ್ನೆರಡು ಹೋದವು. ಈ ಸಲ ಪಕ್ಕದ ಮನೆಯ ಕಾಕು.

"ಕಾಕು, ಬೋರ್ಡ ಓದಲಿಲ್ಲೇನ್ರಿ?"

"ಓದಿನಿ ತಂಗಿ. ಬರೋಬ್ಬರಿ ಬರದಿ. ಮಂದಿ ಭಾಳ ಹರೀತಾರ."

"ನೀವ ಹರದೀರಲ್ರಿ!"

"ನಾವೇನ ಮಂದಿ ಏನು?" ಎಂದು ಕಾಕು ನಿಜವಾಗಿಯೂ ನೊಂದುಕೊಂಡಳು. ಸಂಜೆ ಅವ್ವ ನನ್ನನ್ನೇ ಬೈದು, ಒಂದು ಬಟ್ಟಲು ಶೇಂಗಾ ಚಟ್ನಿ ಕೊಟ್ಟು ಸಮಾಧಾನ ಮಾಡಲು ಅವರ ಮನೆಗೆ ಕಳಿಸಿದಳು. ಹೂವು ಕಳೆದುಕೊಂಡವಳು ನಾನು, ಚಟ್ನಿ ಒಯ್ದವಳೂ ನಾನೇ.

ಆಮೇಲೆ ಹಳೆಯ ಸೀರೆ ಹೊದಿಸಿದೆ. ಆಯಿ ಸೀರೆ ತೆಗೆದು, ಮಡಿಚಿ ಕಟ್ಟೆಯ ಮೇಲಿಟ್ಟು, ತೆನೆ ಹರಿದು, ಮತ್ತೆ ಮೊದಲಿನಂತೆಯೇ ಹೊದಿಸಿದಳು. ಮುಂಜಾನೆ ಕೆಲಸ ಬಿಟ್ಟು ಕಾವಲು ಕೂರಲು ನನಗೆ ಸಾಧ್ಯವಿಲ್ಲ. ಆ ಹೊತ್ತಿಗೆ ಡೇರಿಯ ಮುಂದೆ ಕ್ಯಾನು ಹಿಡಿದವರ ಸಾಲು ಇರುತ್ತದೆ. ಅಪ್ಪನಿಗೆ ಕಾಯಲು ಹೇಳಿದೆ. ಅವನು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ತನ್ನ ತಾಯಿಗೆ ಎತ್ತರದ ತೆನೆಯನ್ನು ಬಗ್ಗಿಸಿಕೊಟ್ಟ. ಒಂದು ಮಳೆಗೆ ಒಂದು ತೆನೆ ಮುರಿದುಬಿತ್ತು. ಶ್ರಾವಣ ಮುಗಿದಾಗ ಉಳಿದದ್ದು ಒಂದು. ಅದೂ ಕಿಟಕಿಯ ಸರಳಿನ ಹಿಂದೆ ಸಿಕ್ಕಿಕೊಂಡಿದ್ದರಿಂದ ಆಯಿಯ ಕೈಗೆ ಎಟುಕಿರಲಿಲ್ಲ. ಟಾಕಿ ಕೂರಿಸಲು ಅವ್ವ ಗೌಂಡಿಗೆ ಹೇಳಿಯಾಗಿತ್ತು.

ದಾರಿ ಸಿಕ್ಕಿದ್ದು ಡೇರಿಯಲ್ಲಿ. ದಿನವೂ ತಪ್ಪದೆ ಹಾಲು ಹಾಕುವ ಒಬ್ಬ ಅಕ್ಕ ಮನೆಯಲ್ಲಿ ಇನ್ನೊಂದು ಎಮ್ಮೆ ಈದಿದ್ದರೂ ಅಂದು ಎಂದಿನಂತೆ ಅರ್ಧ ಕ್ಯಾನೇ ತಂದಳು.

"ಯಾಕಕ್ಕಾ, ಇಷ್ಟ?"

"ಎಮ್ಮಿ ಈದದ್ದು ಖರೇರಿ. ಅದರ ಹಾಲ ಮೀಸಲ. ದೇವ್ರಿಗೆ ಮುಟ್ಟೂತನಾ ಹಾಕಾಂಗಿಲ್ಲ."

ಸಾಲಿನಲ್ಲಿದ್ದವರು ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಯಾಕೆ, ಎಷ್ಟು ದಿನ, ಯಾರು ಹೇಳಿದರು, ಏನೂ ಇಲ್ಲ. ನಾನು ಎರಡು ತಿಂಗಳಿಂದ ಮನೆಯಲ್ಲಿ ಚಳಿ, ಬಿಸಿಲು, ಜಾತಿ, ಚಿಗುರು ಅಂತ ವಿವರಿಸುತ್ತಿದ್ದೆ. ಇಲ್ಲಿ ಒಂದು ಶಬ್ದಕ್ಕೆ ಕೆಲಸ ಮುಗಿದಿತ್ತು.

ಅಂದೇ ಅರಿಸಿನ ಹಚ್ಚಿದ ದಾರವನ್ನು ಆ ತೆನೆಯ ದಂಟಿಗೆ ಕಟ್ಟಿದೆ. ಆಯಿ ಮತ್ತು ಕಾಕು ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದಾಗ, ಓಣಿಗೆಲ್ಲ ಕೇಳುವಂತೆ ಹೇಳಿದೆ. "ಇದು ದೀಪಾವಳಿ ಲಕ್ಷ್ಮೀ ಪೂಜಿಗೆ ಮೀಸಲು."

ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಖರೇನ?"

"ಖರೇ."

ಅಂದಿನಿಂದ ಆ ಗಿಡಕ್ಕೆ ಸಿಕ್ಕ ಮರ್ಯಾದೆ ನೋಡಿ ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಆಯಿ ಮುಂಜಾನೆ ಅದಕ್ಕೆ ಮೊದಲು ನೀರು ಹಾಕಿ ಆಮೇಲೆ ತುಳಸಿಗೆ ಹಾಕುತ್ತಿದ್ದಳು. ಓಣಿಯ ಆಡುಗಳು ಗೇಟಿನ ಹತ್ತಿರ ಬಂದರೆ ಕೋಲು ಹಿಡಿದು ಓಡುತ್ತಿದ್ದಳು. ಕಾಕು ತಾನಾಗಿಯೇ ತಮ್ಮ ಮನೆಯ ಕಡೆಯಿಂದ ಹಸಿರು ಪರದೆ ಕಟ್ಟಿಸಿ ಇಳಿಹೊತ್ತಿನ ಓರೆ ಬಿಸಿಲನ್ನೂ ತಡೆದಳು. ಹನ್ನೊಂದು ತೆನೆ ಇದ್ದಾಗ ಇವರೆಲ್ಲ ಎಲ್ಲಿದ್ದರು?

ದಸರಾ ಹತ್ತಿರವಾದಾಗ ತೆನೆಯ ಬುಡದಲ್ಲಿ ಒಂದೆರಡು ಎಸಳು ಗುಲಾಬಿಯಾದವು. ಆಯಿ ಗಾಬರಿಯಾಗಿ ನನ್ನನ್ನು ಕರೆದಳು.

"ಬಾಡಾಕತ್ತೈತಿ ನೋಡಬೇ. ಮೀಸಲ ಹೂವು, ಹಬ್ಬದತನಾ ನಿಲ್ಲಾಂಗಿಲ್ಲ."

"ಮುಟ್ಟಿ ನೋಡು."

ಮುಟ್ಟಿದಳು. ಎಸಳು ಗಟ್ಟಿಯಾಗಿತ್ತು, ಹೊಸ ಕಾಗದದ ಹಾಗೆ. ಆಯಿ ಬೆರಳು ತೆಗೆದು, ಮತ್ತೆ ಮುಟ್ಟಿದಳು. ಒಳಗೆ ಹೋದಳು. ಐದು ನಿಮಿಷಕ್ಕೆ ಕಾಕುವನ್ನು ಕರೆದುಕೊಂಡು ಬಂದು, "ಹೂವು ಬಾಡಿಲ್ಲ, ಬಣ್ಣ ಬದಲಾಗಾಕತ್ತೈತಿ. ನಾ ಮೊದಲ ಹೇಳಿದ್ದೆ" ಎಂದಳು.

ನಾನು ಡೈರಿ ತೆಗೆದು ತೋರಿಸುವವಳಿದ್ದೆ. ಅಪ್ಪ ಕಣ್ಣು ಮಿಟುಕಿಸಿದ್ದಕ್ಕೆ ಬಿಟ್ಟೆ.

ರಾತ್ರಿಗಳು ತಂಪಾದವು. ಗುಲಾಬಿ ಬಣ್ಣ ದಿನಕ್ಕೊಂದು ಸುತ್ತು ಮೇಲೇರಿತು. ಕೆಳಗಿನ ಎಸಳುಗಳಲ್ಲಿ ಕೆಂಪು ಕಂಡಿತು, ತುದಿ ಇನ್ನೂ ಬಿಳಿ. ಓಣಿಯವರು ಹಾಲಿಗೆ ಹೋಗುತ್ತ, ಬರುತ್ತ ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಅವ್ವ ಒಂದು ದಿನ ಬಹಳ ಹೊತ್ತು ನೋಡಿ, ಗೌಂಡಿಗೆ ಫೋನ್ ಮಾಡಿ, ಟಾಕಿ ಹಿತ್ತಲಲ್ಲಿ ಕೂರಿಸುವುದೆಂದು ಹೇಳಿದಳು. ಗಿಡ ಗೆದ್ದಿತ್ತು. ಇನ್ನು ಹದಿನೆಂಟು ದಿನ ಬಿಟ್ಟರೆ ತುದಿಯೂ ಕೆಂಪಾಗುತ್ತದೆ ಎಂದು ನಾನು ಅಂದಾಜು ಬರೆದುಕೊಂಡೆ.

ಲಕ್ಷ್ಮೀ ಪೂಜೆ ಮೂರು ದಿನಕ್ಕೆ ಬಂತು.

ಹಬ್ಬದ ಸಂಜೆ ಆಯಿ ಹಿತ್ತಾಳೆ ತಟ್ಟೆ ಹಿಡಿದು ಗಿಡದ ಮುಂದೆ ನಿಂತಳು. ಕೈ ಹಚ್ಚಲಿಲ್ಲ. ಮೀಸಲು ಕಟ್ಟಿದವರೇ ಬಿಚ್ಚಬೇಕು.

"ಆಯಿ, ಇನ್ನೂ ಪೂರ್ತಿ ಕೆಂಪಾಗಿಲ್ಲ. ಹದಿನೈದ ದಿನಾ ಬಿಡೂಣು."

"ಹದಿನೈದ ದಿನಾ ಬಿಟ್ರ ಲಕ್ಷ್ಮೀ ಪೂಜಿ ಮತ್ತ ಬರ್ತೈತೇನು?"

"ಅದರ ಬದಲಿ ಚೆಂಡುಹೂವು ಇಡೂಣು. ಒಂದ ಬುಟ್ಟಿ ಇಡೂಣು."

"ಮೀಸಲು ಅಂತ ಹೇಳಿದಾಕಿ ಯಾರಬೇ? ನಾನೋ, ನೀನೋ? ನಾ ಅಂತೂ ಬೆಳ್ಳಗ ಇದ್ದಾಗನ ಹರೀತಿದ್ದೆ."

ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಕಟ್ಟೆಯ ಮೇಲೆ. ಕಾಕು ಪೂಜೆಗೆ ಉಟ್ಟ ಹೊಸ ಸೀರೆಯಲ್ಲಿ ಗೋಡೆಯ ಆಚೆಯಿಂದ ಇಣುಕುತ್ತಿದ್ದಳು. ನಾನು ಕತ್ತರಿ ತಂದು ದಾರದ ಕೆಳಗೆ ಕತ್ತರಿಸಿದೆ. ತಟ್ಟೆಯಲ್ಲಿ ತೆನೆ ಮಲಗಿತು. ಬುಡ ಕೆಂಪು, ನಡು ಗುಲಾಬಿ, ತುದಿ ಬಿಳಿ. ಆಯಿ ಅದನ್ನು ಕಣ್ಣಿಗೆ ಒತ್ತಿಕೊಂಡು ಒಳಗೆ ಒಯ್ದಳು. ಆ ರಾತ್ರಿ ಬರೆದೆ: ಬಿಟ್ಟದ್ದು ಹನ್ನೊಂದು, ಬೆಳ್ಳಗಿದ್ದಾಗಲೇ ದೇವರಿಗೆ ಒಂಬತ್ತು, ಮಳೆಗೆ ಒಂದು, ಬಣ್ಣ ಬಂದದ್ದು ಒಂದರಲ್ಲಿ ಮುಕ್ಕಾಲು.

ಈಗ ಮತ್ತೆ ಮಾಗಿ ಮುಗಿಯುತ್ತ ಬಂದಿದೆ, ಗಿಡ ಎಲೆ ಉದುರಿಸಿ ನಿಂತಿದೆ. ಹೋದ ವರ್ಷ ಕತ್ತರಿಸಿದ ತಾರೀಖು ಡೈರಿಯಲ್ಲಿ ನೋಡಿ, ಅದೇ ದಿನ ಕತ್ತರಿ ಹಿಡಿದು ಅಂಗಳಕ್ಕೆ ಇಳಿದೆ. ಪ್ರತಿ ಕೊಂಬೆಗೂ ಅರಿಸಿನದ ದಾರ ಕಟ್ಟಿತ್ತು. ಆಯಿ ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು.

"ಇದೇನಾಯಿ?"

"ಎಲ್ಲಾ ಮೀಸಲು," ಎಂದಳು, ಮೊರದಿಂದ ಕಣ್ಣೆತ್ತದೆ. "ದೇವರ ಗಿಡಕ್ಕ ಕತ್ರಿ ಹಚ್ಚಾಕ ಬಂದೀ ಏನು?"

"ಆಯಿ, ಕಡೀಲಿಲ್ಲಂದ್ರ ತೆನಿ ಸಣ್ಣ ಬರ್ತಾವ."

"ದೇವ್ರಿಗೆ ಸಣ್ಣೂ ನಡೀತಾವ."

ನಾನು ಕತ್ತರಿ ಹಿಡಿದುಕೊಂಡೇ ಅವಳ ಪಕ್ಕ ಕೂತೆ. ಹೊಸ ಚಿಗುರು ಏಳಲು ಇನ್ನೂ ಸ್ವಲ್ಪ ದಿನವಿದೆ. ಅಷ್ಟರೊಳಗೆ ಇವಳನ್ನು ಒಪ್ಪಿಸಬೇಕು. ಅವಳು ಒಂದು ಮುಷ್ಟಿ ಅಕ್ಕಿಯನ್ನು ನನ್ನ ಮುಂದೆ ಸರಿಸಿ, "ಸುಮ್ನ ಕುಂತೀ ಅಲ್ಲ, ಹರಳ ಆರಸು" ಎಂದಳು.